ಏಳನೇ ಪವನು

ಪುತ್ತೂರು ಪೇಟೆಯಲ್ಲಿ ಹಳೆಯ ನಾಣ್ಯಕ್ಕೆ ಬೆಲೆ ಕಟ್ಟುವುದಾದರೆ ಮೂಸಕುಂಞಿಯೇ ಕಟ್ಟಬೇಕು ಎಂಬ ಮಾತಿತ್ತು. ಹೆಸರಿಗೆ ಅವನದು ಪಾತ್ರೆ ಅಂಗಡಿ. ಎದುರಿಗೆ ತಾಮ್ರದ ಹಂಡೆ, ಕಂಚಿನ ಬಟ್ಟಲು ತೂಗುತ್ತಿದ್ದವು. ಆದರೆ ಅವನ ನಿಜವಾದ ವ್ಯಾಪಾರ ನಡೆಯುತ್ತಿದ್ದುದು ಒಳಗಿನ ಕಪ್ಪು ಕಲ್ಲಿನ ಹಾಸಿನ ಮೇಲೆ. ರಾಣಿಯ ರೂಪಾಯಿ, ಕಂಪೆನಿ ಕಾಲದ ತಾಮ್ರದ ಕಾಸು, ಇಂಗ್ಲೆಂಡಿನ ಚಿನ್ನದ ಪವನು, ತೋಟದ ದೊರೆಗಳು ಆಳುಗಳಿಗೆ ಕೂಲಿಯ ಬದಲು ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆ, ಯಾವುದು ಬಂದರೂ ಒಮ್ಮೆ ಆ ಕಲ್ಲಿನ ಮೇಲೆ ಬೀಳಬೇಕು. ಮೂಸಕುಂಞಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಎರಡನೇ ಮಹಾಯುದ್ಧಕ್ಕೆ ಮೊದಲಿನ ರೂಪಾಯಿ ಹಾಡುತ್ತದೆ, ಅನಂತರದ್ದು ಕೆಮ್ಮುತ್ತದೆ ಎಂದು ಅವನು ಹೇಳುವುದಿತ್ತು.

1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ ಜನ ಮಡಕೆಯಲ್ಲಿ, ಅಕ್ಕಿಮುಡಿಯಲ್ಲಿ ಅಡಗಿಸಿಟ್ಟ ಹಳೆಯದನ್ನೆಲ್ಲ ಹೊತ್ತುಕೊಂಡು ಅವನಲ್ಲಿಗೆ ಬಂದರು. ಅವನು ಸುಳ್ಳು ಹೇಳುತ್ತಿರಲಿಲ್ಲ. ಬೆಳ್ಳಿಯೋ ಎಂದು ಕೇಳಿದರೆ ಹೌದು ಅಥವಾ ಅಲ್ಲ. ಆದರೆ ಕೇಳದೇ ಇದ್ದುದನ್ನು ಹೇಳುತ್ತಲೂ ಇರಲಿಲ್ಲ. ಸವಣೂರಿನ ಮುದುಕನೊಬ್ಬ ಅಪರೂಪದ ಇಸವಿಯ ರೂಪಾಯಿಯೊಂದನ್ನು ಬರಿಯ ಬೆಳ್ಳಿಯ ತೂಕಕ್ಕೆ ಕೊಟ್ಟು ಹೋದಾಗ ಮೂಸಕುಂಞಿ ಅವನಿಗೆ ಚಹಾ ತರಿಸಿಕೊಟ್ಟಿದ್ದ. "ಕೇಳಿದ್ರೆ ಹೇಳ್ತಿದ್ದೆ," ಎಂದು ಹೆಂಡತಿ ಜೈನಬಮ್ಮನಿಗೆ ಸಮಾಧಾನವಾಗಿ ಹೇಳಿದ್ದ.

ಅಂಥ ಅಪರೂಪದ್ದೆಲ್ಲ ಹೋಗುತ್ತಿದ್ದುದು ಪಂಜದ ಕುಕ್ಕಪ್ಪ ಗೌಡನ ಮನೆಗೆ. ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ ಬಂದಿದ್ದ ಕುಕ್ಕಪ್ಪನಿಗೆ ಮೂವತ್ತು ತುಂಬಿರಲಿಲ್ಲ. ಜಮೀನು ತಾನಾಗಿ ನಡೆಯುತ್ತಿತ್ತು. ಹಸಿರು ಮಖಮಲ್ಲು ಹಾಸಿದ ಸಾಗುವಾನಿ ಪೆಟ್ಟಿಗೆ, ಒಂದು ಭೂತಗನ್ನಡಿ, ಬೊಂಬಾಯಿಯಿಂದ ತರಿಸಿದ ಇಂಗ್ಲಿಷ್ ಪುಸ್ತಕ, ಇಷ್ಟರಲ್ಲಿ ಅವನ ಹಗಲು ಕಳೆಯುತ್ತಿತ್ತು. ತಿಂಗಳಿಗೊಮ್ಮೆ ಮೂಸಕುಂಞಿ ಬಸ್ಸು ಹತ್ತಿ ಪಂಜಕ್ಕೆ ಹೋಗುತ್ತಿದ್ದ.

ಒಮ್ಮೆ ಅವನು 1911ರ ರೂಪಾಯಿಯೊಂದನ್ನು ಕಾಗದದಲ್ಲಿ ಸುತ್ತಿ ಒಯ್ದ. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಸರಕಾರ ಹಿಂದಕ್ಕೆ ತೆಗೆದುಕೊಂಡಿತ್ತು. ಮೂಸಕುಂಞಿ ಅದನ್ನು ಬೆರಳಿಂದ ಮುಟ್ಟಿರಲಿಲ್ಲ. ಕಾಗದವನ್ನೇ ಮುಂದಕ್ಕೆ ಸರಿಸಿದ.

ಕುಕ್ಕಪ್ಪ ಜಗಲಿಯ ಕುರ್ಚಿಯಲ್ಲಿ ಒರಗಿದ. "ಕೈಯಲ್ಲಿ ಹಿಡಿದು ಕೊಡಿ ಮಾರಾಯ್ರೆ. ಇಲ್ಲದಿದ್ರೆ ನನಗೆ ಬೇಡ."

"ಗೌಡ್ರೆ, ಅದು ನಮಗೆ..."

"ಅದು ಆನೆ ಅಂತ ಸರಕಾರವೇ ಹೇಳಿದೆ. ಹಿಡಿದು ಕೊಡಿ."

ಮೂಸಕುಂಞಿ ಎರಡು ಬೆರಳಿಂದ ಹಿಡಿದು ಕೊಟ್ಟ. ಕುಕ್ಕಪ್ಪ ತೆಗೆದುಕೊಳ್ಳುವ ಮೊದಲು ಸ್ವಲ್ಪ ಹೊತ್ತು ಅವನನ್ನು ಹಾಗೆಯೇ ನಿಲ್ಲಿಸಿದ. ಹಣ ಕೈಗೆ ಬಂದ ಮೇಲೆ ಮೂಸಕುಂಞಿ ಅಂಗಳದ ಬಾವಿಕಟ್ಟೆಯಲ್ಲಿ ಕೈಯನ್ನು ಮೊಣಕೈವರೆಗೆ ತೊಳೆದುಕೊಂಡ. ಬೆಲೆ ಚೆನ್ನಾಗಿ ಸಿಕ್ಕಿತ್ತು. ಮುಂದಿನ ತಿಂಗಳೂ ಹೋದ.

1958ರ ಕೊನೆಗೆ ಕಡಬದ ಹತ್ತಿರ ಊರು ಬಿಟ್ಟು ಹೋದ ಬಿಳಿ ದೊರೆಯೊಬ್ಬನ ಬಂಗಲೆಯ ಸಾಮಾನು ಹರಾಜಿಗೆ ಬಂತು. ಅಲ್ಲಿ ಕೊಂಡ ಇಸ್ಪೀಟಿನ ಪೆಟ್ಟಿಗೆಯೊಳಗೆ ಮೂಸಕುಂಞಿಗೆ ಒಂದು ಹಳದಿ ಬಿಲ್ಲೆ ಸಿಕ್ಕಿತು. ಪವನಿನಷ್ಟೇ ಅಗಲ. ಒಂದು ಬದಿಯಲ್ಲಿ ಎಳೆಯ ರಾಣಿಯ ಮುಖ, ಇನ್ನೊಂದು ಬದಿಯಲ್ಲಿ ಕುದುರೆ ಸವಾರ. ಮೇಲೆ ಮೇಲೆ ನೋಡಿದವರು ಪವನೆಂದೇ ಹೇಳಬೇಕು. ಕಲ್ಲಿನ ಮೇಲೆ ಹಾಕಿದಾಗ ಮಾತ್ರ ಡಬ್ಬದ ಮುಚ್ಚಳದ ಸದ್ದು. ಖಾತ್ರಿಗೆಂದು ಅವನು ಅಂಚಿನಲ್ಲಿ ಅರದಿಂದ ಓರೆಯಾಗಿ ಎರಡು ಗೀರು ಹಾಕಿ ನೋಡಿದ. ಒಳಗೆಲ್ಲ ಹಿತ್ತಾಳೆ.

ಕುಕ್ಕಪ್ಪ ಅದನ್ನು ಕಂಡು ಖುಷಿಪಟ್ಟ. "ಇಲ್ಲಿ ನೋಡಿ, ಟು ಹ್ಯಾನೋವರ್ ಅಂತ ಬರೆದುಂಟು. ಹ್ಯಾನೋವರಿಗೆ ಹೋದ ಒಬ್ಬ ರಾಜನನ್ನು ಗೇಲಿ ಮಾಡಲಿಕ್ಕೆ ಇಂಗ್ಲೆಂಡಿನವರು ಮಾಡಿದ್ದು. ಆಮೇಲೆ ಇಸ್ಪೀಟಿಗೆ ಇಟ್ಟುಕೊಂಡರು. ಅಲ್ಲಿಯ ಕಳ್ಳರು ಇದನ್ನೇ ಪವನು ಅಂತ ಹಳ್ಳಿಯವರಿಗೆ ದಾಟಿಸ್ತಿದ್ದರಂತೆ."

ಐದು ರೂಪಾಯಿಗೆ ಕೊಂಡುಕೊಂಡ.

ಅದೇ ವರ್ಷ ಕುಕ್ಕಪ್ಪನ ಮದುವೆಯಾಗಿತ್ತು. ಹುಡುಗಿ ಕಡಬದ ಕಡೆಯ ಶೀಲಾವತಿ. ತಂದೆ ಇಲ್ಲ. ತಾಯಿ ದುಗ್ಗಮ್ಮ ಒಬ್ಬಳೇ ಗದ್ದೆ ಮಾಡಿಸಿ ಮಗಳನ್ನು ಎಂಟನೇ ತರಗತಿವರೆಗೆ ಓದಿಸಿದ್ದಳು. ಮಗಳ ಕುತ್ತಿಗೆಗೆ ಅವಳು ಹಾಕಿದ್ದು ತನ್ನ ಅತ್ತೆಯಿಂದ ಬಂದಿದ್ದ ಹದಿಮೂರು ಪವನುಗಳ ಸರ. ಒಂದೊಂದು ಪವನನ್ನೂ ಅದರಷ್ಟೇ ಅಗಲದ ತೆಳುವಾದ ಚಿನ್ನದ ಬಳೆಯೊಳಗೆ ಕೂರಿಸಿ ಕೋದದ್ದು. ಬೆಸುಗೆ ಮುಟ್ಟಿರಲಿಲ್ಲವಾದ್ದರಿಂದ ನಾಣ್ಯಗಳು ನಲವತ್ತು ವರ್ಷದ ಹಿಂದೆ ಬಂದಹಾಗೆಯೇ ಇದ್ದವು.

ಮದುವೆಯ ಮೊದಲ ವಾರದಲ್ಲೇ ಕುಕ್ಕಪ್ಪ ಭೂತಗನ್ನಡಿ ಹಿಡಿದು ಹೆಂಡತಿಯ ಕುತ್ತಿಗೆಯ ಸರವನ್ನು ಒಂದೊಂದಾಗಿ ನೋಡಿದ. ಶೀಲಾವತಿ ನಾಚಿಕೊಂಡು ನಕ್ಕಳು. ನಡುವಿನ ಏಳನೇ ಪವನಿನ ಹತ್ತಿರ ಅವನು ಬಹಳ ಹೊತ್ತು ನಿಂತ. 1918 ಎಂಬ ಇಸವಿಯ ಮೇಲೆ, ಕುದುರೆಯ ಕಾಲಡಿಯ ನೆಲದ ಗೆರೆಯಲ್ಲಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ 'ಐ' ಅಕ್ಷರವಿತ್ತು, ಇಂಡಿಯಾದ ಗುರುತು. ಬೊಂಬಾಯಿಯ ಟಂಕಸಾಲೆ ಪವನು ಅಚ್ಚು ಹಾಕಿದ್ದು ಆ ಒಂದೇ ವರ್ಷ.

"ಇದನ್ನು ನನಗೆ ಕೊಡ್ತೀಯಾ?" ಎಂದು ಅವನು ಕೇಳಿದ್ದರೆ ಅವಳು ಆ ಗಳಿಗೆಯಲ್ಲಿ ಇಡೀ ಸರವನ್ನೇ ಬಿಚ್ಚಿ ಕೊಡುತ್ತಿದ್ದಳು. ಅವನು ಕೇಳಲಿಲ್ಲ. ಹೆಂಡತಿಯ ಹತ್ತಿರ ಕೇಳುವುದು ಅವನಿಗೆ ಅಭ್ಯಾಸವಿರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಕೋಣೆಗೆ ಬಂದಾಗ ಅವನು ಕಿಟಕಿಯ ಬೆಳಕಿಗೆ ಸರ ಹಿಡಿದು ಪೆನ್ನುಚೂರಿಯಿಂದ ಏನೋ ಮಾಡುತ್ತಿದ್ದ.

"ಎಂತ ಮಾಡುದು?"

"ಕೊಳೆ ತೆಗೆಯುದು. ನೀನು ಹೋಗು, ಕಾಫಿ ಮಾಡು."

ತನ್ನ ತವರಿನ ವಸ್ತುವನ್ನು ಗಂಡ ಇಷ್ಟು ಆಸ್ಥೆಯಿಂದ ನೋಡಿಕೊಳ್ಳುತ್ತಾನಲ್ಲ ಎಂದು ಅವಳಿಗೆ ಸಂತೋಷವಾಯಿತು. ಕಾಫಿಗೆ ಬೆಲ್ಲ ಸ್ವಲ್ಪ ಹೆಚ್ಚೇ ಹಾಕಿದಳು.

ಮರುವರ್ಷ ಕುಕ್ಕಪ್ಪನ ತಂಗಿ ಪ್ರೇಮಾವತಿಯ ನಿಶ್ಚಿತಾರ್ಥಕ್ಕೆ ಆ ಸರವನ್ನು ಅವಳಿಗೆ ಹಾಕಿದರು. ಸೆಕೆಯ ದಿನ. ಸಂಜೆ ಸರ ತೆಗೆದಾಗ ಪ್ರೇಮಾವತಿಯ ಎದೆಯ ಮೇಲೆ ಒಂದು ದುಂಡನೆಯ ಹಸಿರು ಕಲೆ ಇತ್ತು. ಸೋಪು ಹಚ್ಚಿದರೂ ಹೋಗಲಿಲ್ಲ. ಕುಕ್ಕಪ್ಪನ ತಾಯಿ, ಶೀಲಾವತಿಯ ಅತ್ತೆ, ಸರವನ್ನು ದೀಪದ ಹತ್ತಿರ ಒಯ್ದಳು. ಹನ್ನೆರಡು ಹೊಳೆಯುತ್ತಿದ್ದವು, ನಡುವಿನದು ಕಿಲುಬು ಹಿಡಿದಿತ್ತು.

"ನಿನ್ನ ತಾಯಿ ನಮಗೆ ಹಿತ್ತಾಳೆ ಕೊಟ್ಟಿದ್ದಾಳೆ," ಎಂದಳು ಅತ್ತೆ.

ಶೀಲಾವತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅನಂತರ ಅವಳು ಗಂಡನ ಕಡೆ ತಿರುಗಿದಳು. "ಆ ದಿನ ನೀವು ಚೂರಿ ಹಿಡಿದು ಬಿಚ್ಚಿದ್ದು ಇದನ್ನೇ ಅಲ್ವಾ?"

ಕುಕ್ಕಪ್ಪ ಆಗಲೂ ಹೇಳಬಹುದಿತ್ತು. ಮನೆಯವರು ಬೈದು ಸುಮ್ಮನಾಗುತ್ತಿದ್ದರು. ಆದರೆ ತಂಗಿಯ ಭಾವೀ ಬೀಗರು ಇನ್ನೂ ಜಗಲಿಯಲ್ಲಿದ್ದರು. ಪೆಟ್ಟಿಗೆ ತೆರೆದು ತೋರಿಸಬೇಕಾಗುತ್ತಿತ್ತು. ಅವನು ಎದ್ದುಬಂದು ಅವಳ ಕೆನ್ನೆಗೆ ಹೊಡೆದ.

"ತಾಯಿಯ ಕಳ್ಳತನವನ್ನು ಗಂಡನ ತಲೆಗೆ ಕಟ್ಟುದಾ?"

ಒಂದು ವಾರದಲ್ಲಿ ಹಿರಿಯರು ಸೇರಿದರು. ಕಡಬದಿಂದ ದುಗ್ಗಮ್ಮನನ್ನು ಕರೆಸಿದರು. ಅವಳು ಸರ ಮುಟ್ಟಿ ಆಣೆ ಇಟ್ಟಳು. ಹಿರಿಯರಲ್ಲಿ ಮೇದಪ್ಪ ಎಂಬ ಮುದುಕ ನ್ಯಾಯವಂತ. "ಸುಮ್ಮನೆ ಬಾಯಿಮಾತು ಬೇಡ. ತಿಳಿದವರು ನೋಡಲಿ. ಪುತ್ತೂರಿನ ನಾಣ್ಯದ ಬ್ಯಾರಿಯನ್ನು ಕರೆಸಿ, ಅವ ಸುಳ್ಳು ಹೇಳುವ ಜನ ಅಲ್ಲ," ಎಂದ.

ಮೂಸಕುಂಞಿ ಬೆಳಗಿನ ಬಸ್ಸಿಗೆ ಬಂದ. ಜಗಲಿಯ ಮೇಲೆ ಹತ್ತು ಮಂದಿ ಕೂತಿದ್ದರು. ದುಗ್ಗಮ್ಮ ಅಂಗಳದಲ್ಲಿ ನಿಂತಿದ್ದಳು. ಅವಳಿಗೆ ಯಾರೂ ಕೂರಲು ಹೇಳಿರಲಿಲ್ಲ. ಶೀಲಾವತಿ ಬಾಗಿಲ ಹತ್ತಿರ ಇದ್ದಳು. ಮೂಸಕುಂಞಿ ಸರವನ್ನು ಕೈಗೆ ತೆಗೆದುಕೊಂಡು ಏಳನೆಯದನ್ನು ಬಳೆಯಿಂದ ಬಿಡಿಸಿದ. ಅಂಚಿನಲ್ಲಿ ಓರೆಯಾದ ಎರಡು ಗೀರುಗಳಿದ್ದವು. ಅವನ ಅರ ಮಾಡಿದ ಗೀರು. ಅವನು ತಲೆ ಎತ್ತಿ ಕುಕ್ಕಪ್ಪನನ್ನು ನೋಡಿದ. ಕುಕ್ಕಪ್ಪ ವೀಳ್ಯದ ಎಲೆಯ ನಾರು ತೆಗೆಯುತ್ತಿದ್ದ.

"ಚಿನ್ನವಾ?" ಮೇದಪ್ಪ ಕೇಳಿದ.

"ಅಲ್ಲ. ಹಿತ್ತಾಳೆ."

"ಬೆಲೆ ಎಷ್ಟಾದೀತು?"

"ತೂಕಕ್ಕೆ ಹಾಕಿದ್ರೆ ಹತ್ತು ನಯಾಪೈಸೆ."

ಯಾರೋ ನಕ್ಕರು. ದುಗ್ಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಉಳಿದ ಹನ್ನೆರಡು?"

"ಅಸಲು ಪವನು."

ಬಾಗಿಲಿನಿಂದ ಶೀಲಾವತಿ ಮಾತಾಡಿದಳು. ಗಂಡಸರ ನಡುವೆ ಅವಳು ಬಾಯಿ ತೆರೆದದ್ದು ಅದೇ ಮೊದಲು. "ಸಾಹುಕಾರ್ರೆ, ಇದು ಮೊದಲಿಂದಲೂ ಈ ಸರದಲ್ಲಿ ಇತ್ತಾ? ನಿಮಗೆ ನೋಡಿದ್ರೆ ಗೊತ್ತಾಗ್ತದಲ್ಲ."

ಕುಕ್ಕಪ್ಪನ ಬೆರಳುಗಳು ಎಲೆಯ ಮೇಲೆ ನಿಂತವು.

ಮೂಸಕುಂಞಿಯ ತಲೆಯಲ್ಲಿ ಆ ಹೊತ್ತಿಗೆ ಬಂದುಹೋದದ್ದು ಹಲವು. ತಿಂಗಳು ತಿಂಗಳ ಪಂಜದ ವ್ಯಾಪಾರ. ಹತ್ತು ಮಂದಿ ಗೌಡರ ನಡುವೆ ತಾನೊಬ್ಬನೇ. ತಾನೇ ಮಾರಿದ್ದು ಎಂದರೆ ತನ್ನ ಮೇಲೇ ತಿರುಗಬಹುದು ಎಂಬ ಭಯ. ಆದರೆ ಭಯಕ್ಕಿಂತ ಹೆಚ್ಚಾಗಿ ಅವನಿಗೆ ಒಂದು ದಾರಿ ಕಂಡಿತ್ತು, ಅದು ಸುಳ್ಳಿಲ್ಲದ ದಾರಿ.

"ಈ ಸರವನ್ನು ನಾನು ಇವತ್ತೇ ಮೊದಲು ನೋಡುದಮ್ಮ," ಎಂದ.

ಶೀಲಾವತಿ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಬಿಲ್ಲೆಯನ್ನು ಜಗಲಿಯ ಅಂಚಿಗಿಟ್ಟು ಚೀಲ ತೆಗೆದುಕೊಂಡ. ಆ ಸಂಜೆಯೇ ಅವಳನ್ನು ತಾಯಿಯ ಜೊತೆಗೆ ಕಳಿಸಿದರು. ಹೋಗಿ ಅಸಲು ಪವನು ತನ್ನಿ, ಅನಂತರ ನೋಡುವ ಎಂದರು ಹಿರಿಯರು. ಸರ ಅಲ್ಲಿಯೇ ಉಳಿಯಿತು.

ಮುಂದಿನ ತಿಂಗಳು ಮೂಸಕುಂಞಿ ಹೋದಾಗ ಕುಕ್ಕಪ್ಪ ತಾನಾಗಿ ಪೆಟ್ಟಿಗೆ ತೆರೆದ. ಮಖಮಲ್ಲಿನ ನಡುವೆ ಹೊಸ ಗುಂಡಿಯೊಂದರಲ್ಲಿ 1918ರ ಪವನು ಕೂತಿತ್ತು.

"ನೋಡಿ. ಭೂತಗನ್ನಡಿ ತೆಗೊಳ್ಳಿ, ಅಕ್ಷರ ಎಷ್ಟು ಚೊಕ್ಕ ಉಂಟು."

ಮೂಸಕುಂಞಿ ನೋಡಿದ. "ಗೌಡ್ರೆ, ಆ ಹುಡುಗಿ..."

"ನಾನು ನಿಮ್ಮನ್ನು ಹುಡುಗಿಯ ವಿಷಯ ಕೇಳಿದೆನಾ?"

ಕುಕ್ಕಪ್ಪ ಒಳಗಿನಿಂದ ತನಗೆ ಬೇಡವಾದ ಮೂವತ್ತು ಬೆಳ್ಳಿ ರೂಪಾಯಿ ತಂದ. ಅರ್ಧ ಬೆಲೆಗೆ ತೆಗೆದುಕೊಂಡು ಹೋಗಿ ಎಂದ. ಮೂಸಕುಂಞಿ ಒಂದು ಕ್ಷಣ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ಅನಂತರ ತೆಗೆದುಕೊಂಡ.

ದುಗ್ಗಮ್ಮ ಪುತ್ತೂರಿಗೆ ಬಂದದ್ದು ಮಳೆ ನಿಂತ ಮೇಲೆ. ಕರೆಯುವ ಎರಡು ದನ, ಒಂದು ಜೋಡಿ ಎತ್ತು ಮಾರಿದ್ದಳು. ಪೇಟೆಯಲ್ಲಿ ಚಿನ್ನದ ಅಂಗಡಿ ಬೇರೆಯೂ ಇದ್ದವು. ಅವಳು ನೇರ ಮೂಸಕುಂಞಿಯ ಅಂಗಡಿಗೆ ಬಂದಳು. ಅವನ ಕೈಯಿಂದ ಹೋದರೆ ಅಸಲೆಂದು ಎಲ್ಲರೂ ಒಪ್ಪುತ್ತಾರೆಂಬುದು ಅವಳ ಲೆಕ್ಕ.

"ಒಂದು ಪವನು ಬೇಕು ಸಾಹುಕಾರ್ರೆ. ನೀವೇ ನೋಡಿ ಕೊಡಿ. ನನಗೆ ಗುರುತು ಗೊತ್ತಿಲ್ಲ, ಅತ್ತೆ ಕೊಟ್ಟದ್ದನ್ನು ಹಾಗೇ ಇಟ್ಟವಳು. ಅವರಿಗೆ ಯಾರು ಮೋಸ ಮಾಡಿದ್ರೋ."

ಹೇಳದೆ ಉಳಿದ ಮಾತನ್ನು ಹೇಳಲು ಇಷ್ಟು ದೊಡ್ಡ ಅವಕಾಶ ಅವನಿಗೆ ಮತ್ತೆ ಸಿಗಲಿಲ್ಲ. ಅಂಗಡಿಯಲ್ಲಿ ಇಬ್ಬರೇ ಇದ್ದರು. ಅವನು ಪವನೊಂದನ್ನು ತೆಗೆದು ಕಲ್ಲಿನ ಮೇಲೆ ಬೀಳಿಸಿ ಅವಳಿಗೆ ಸದ್ದು ಕೇಳಿಸಿದ. ಅವಳು ತಲೆಯಾಡಿಸಿದಳು. ಆ ದಿನದ ಬೆಲೆಯಲ್ಲಿ ಅವನು ಒಂದು ರೂಪಾಯಿ ಬಿಟ್ಟ. ಆ ಒಂದು ರೂಪಾಯಿ ಬಿಟ್ಟದ್ದು ಅವನಿಗೆ ಬಹಳ ದಿನ ನೆನಪಿನಲ್ಲಿತ್ತು.

ಪಂಜದಲ್ಲಿ ಅತ್ತೆ ಪವನನ್ನು ಕೈಚಾಚಿ ತೆಗೆದುಕೊಂಡಳು. ಕುಕ್ಕಪ್ಪ ಭೂತಗನ್ನಡಿಯಲ್ಲಿ ನೋಡಿ, ಸಾಧಾರಣ ಇಸವಿಯದ್ದೆಂದು ತಾಯಿಗೆ ಹಿಂದೆ ಕೊಟ್ಟ. ದುಗ್ಗಮ್ಮ ಮಗಳ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟಳು. ಶೀಲಾವತಿ ಒಂದು ಹೆಜ್ಜೆ ಮುಂದೆ ಬಂದಳು.

"ಪವನು ನಮ್ಮದು, ಬಂತು," ಎಂದಳು ಅತ್ತೆ. "ಹೆಣ್ಣು ನಿಮ್ಮದು, ಕರಕೊಂಡು ಹೋಗಿ."

"ಹಿರಿಯರು ಹೇಳಿದ್ದು..."

"ಅನಂತರ ನೋಡುವ ಅಂತ ಹೇಳಿದ್ದು. ನೋಡಿದೆವು."

ತಾಯಿ ಮಗಳು ಗಂಟು ಎತ್ತಿಕೊಂಡು ಕಡಬದವರೆಗೆ ನಡೆದರು. ಮರುವರ್ಷ ಹಿರಿಯರ ಎದುರು ಮದುವೆಯ ಬಿಡುಗಡೆಯಾಯಿತು. ಕುಕ್ಕಪ್ಪ ಇನ್ನೊಂದು ಮದುವೆಯಾದ. ಆ ಹದಿಮೂರು ಪವನಿನ ಸರವನ್ನು ಹೊಸ ಹೆಂಡತಿಗೆ ಹಾಕಿದರು. ದುಗ್ಗಮ್ಮನಿಗೆ ಊರವರು ಹಿತ್ತಾಳೆ ದುಗ್ಗಮ್ಮ ಎಂದು ಹೆಸರಿಟ್ಟರು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಕೂಲಿಯಾಳುಗಳು ಸಂಜೆ ಅವಳ ಕೈಯಿಂದ ದುಡ್ಡು ತೆಗೆದುಕೊಂಡು ಹಲ್ಲಿನಲ್ಲಿ ಕಚ್ಚಿ ನೋಡುವ ನಾಟಕ ಮಾಡಿ ನಗುತ್ತಿದ್ದರು. ಅವಳು ಪೇಟೆಗೆ, ಮದುವೆಗಳಿಗೆ ಹೋಗುವುದನ್ನು ಬಿಟ್ಟಳು. 1962ರಲ್ಲಿ ಜ್ವರ ಬಂದು ಸತ್ತಳು. ಗದ್ದೆ ದಾಯಾದಿಗಳ ಕೈಗೆ ಹೋಯಿತು. ಶೀಲಾವತಿ ಪುತ್ತೂರಿಗೆ ಬಂದು ಆಸ್ಪತ್ರೆಯೊಂದರಲ್ಲಿ ಆಯಾ ಆದಳು.

ಚಿನ್ನದ ವ್ಯಾಪಾರಕ್ಕೆ ಕಡಿವಾಣ ಹಾಕುವ ಹೊಸ ಕಾನೂನು ಬಂದ ಮೇಲೆ ಮೂಸಕುಂಞಿಯ ಪವನಿನ ವ್ಯಾಪಾರ ನಿಂತಿತ್ತು. ಬೆಳ್ಳಿ ರೂಪಾಯಿ ತರುವವರೂ ಕಡಿಮೆಯಾಗಿ ಹಂಡೆ ಬಟ್ಟಲುಗಳ ವ್ಯಾಪಾರವೇ ಉಳಿದಿತ್ತು. 1965ರಲ್ಲಿ ಜೈನಬಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಆಸ್ಪತ್ರೆಗೆ ಸೇರಿಸಿದ. ಮೂರನೇ ದಿನ ಅವನಿಗೆ ಹೆಂಡತಿಯ ಮೈ ಒರೆಸುತ್ತಿದ್ದ ಆಯಾಳ ಗುರುತು ಹತ್ತಿತು. ಅವಳಿಗೆ ಮೊದಲ ದಿನವೇ ಹತ್ತಿತ್ತು.

ಜೈನಬಮ್ಮನಿಗೆ ಶೀಲಾವತಿಯ ಕೈ ಇಷ್ಟವಾಗಿತ್ತು. "ಈ ಮಗಳು ಮುಟ್ಟಿದ್ರೆ ನೋವು ಗೊತ್ತಾಗುದಿಲ್ಲ," ಎನ್ನುತ್ತಿದ್ದಳು. ಪಕ್ಕದ ಮಂಚದವರ ಹತ್ತಿರ ಗಂಡನ ಬಗ್ಗೆ ಹೇಳಿಕೊಳ್ಳುತ್ತಿದ್ದಳು. "ಇಷ್ಟು ವರ್ಷ ವ್ಯಾಪಾರ ಮಾಡಿದ್ದಾರೆ, ಒಂದು ಸುಳ್ಳು ಹೇಳಿದವರಲ್ಲ ನಮ್ಮವರು. ನಾನು ಹೋಗುವಾಗ ಅದೊಂದು ನೆಮ್ಮದಿ ಉಂಟು." ಶೀಲಾವತಿ ಹಾಸಿಗೆಯ ಬಟ್ಟೆ ಬದಲಿಸುತ್ತ ಅದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದಳು.

ಐದನೇ ದಿನ ಮೂಸಕುಂಞಿಗೆ ತಡೆಯಲಾಗಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಅವಳನ್ನು ನಿಲ್ಲಿಸಿದ. ತನ್ನ ಅರದ ಗೀರು, ಐದು ರೂಪಾಯಿ, ಕುಕ್ಕಪ್ಪನ ಪೆಟ್ಟಿಗೆ, ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿದಾಗ ಅವನ ಗಲ್ಲ ಒದ್ದೆಯಾಗಿತ್ತು.

ಶೀಲಾವತಿ ಕೈಯಲ್ಲಿದ್ದ ಬಾಲ್ದಿಯನ್ನು ಕೆಳಗಿಟ್ಟಿರಲಿಲ್ಲ. "ಆ ದಿನವೇ ನಿಮ್ಮ ಮುಖದಲ್ಲಿ ಕಂಡಿತ್ತು," ಎಂದಳು. "ನಾನು ಕೇಳಿದ್ದು ತಪ್ಪಾಯಿತು. ಬೇರೆ ಹಾಗೆ ಕೇಳಬೇಕಿತ್ತು. ಅದನ್ನು ಯೋಚನೆ ಮಾಡಿಯೇ ನನಗೆ ಐದಾರು ವರ್ಷ ಹೋಯ್ತು."

"ಎಂತ ಮಾಡಬೇಕು ಹೇಳು ಮಗಳೇ. ಪಂಜಕ್ಕೆ ಬರ್ತೇನೆ. ಹತ್ತು ಜನರ ಎದುರು ಹೇಳ್ತೇನೆ."

"ಮೇದಪ್ಪಜ್ಜ ಸತ್ತು ಹೋದರು. ಗೌಡ್ರು ಈಗ ಪಂಚಾಯತಿ ಚೇರ್ಮನ್. ಮೂರು ಮಕ್ಕಳು. ನೀವು ಹೇಳಿದ್ರೆ ನಗಾಡ್ತಾರೆ." ಅವಳು ವಾರ್ಡಿನ ಬಾಗಿಲ ಕಡೆ ನೋಡಿದಳು. "ಜೈನಬಮ್ಮನಿಗೆ ಹೇಳಿ."

"ಅವಳು ಇನ್ನೆಷ್ಟು ದಿನವೋ. ಅವಳಿಗೆ ಯಾಕೆ?"

"ನನ್ನ ಅಮ್ಮ ಕೂಡ ಹಾಗೆಯೇ ಮಲಗಿದ್ದರು. ನಿಜ ಗೊತ್ತಾಗದೆಯೇ ಹೋದರು. ನೀವು ಹೇಳದಿದ್ರೆ ನಾನು ಹೇಳ್ತೇನೆ. ನಾನು ಹೇಳಿದ್ರೆ ಇನ್ನೂ ಸ್ವಲ್ಪ ಕಷ್ಟವಾದೀತು ಅವರಿಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಲ್ದಿ ಹಿಡಿದು ಹೋದಳು. ಮರುದಿನ ಬೆಳಿಗ್ಗೆ ಬಂದು ಜೈನಬಮ್ಮನ ಮೈ ಒರೆಸಿ, ತಲೆ ಬಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮೂಸಕುಂಞಿಯ ಕಡೆ ಒಮ್ಮೆ ನೋಡಿ ಮಂಚದ ಕಾಲ ಹತ್ತಿರ ನಿಂತಳು.

ಅವನು ಹೇಳಿದ. ನೆಲ ನೋಡುತ್ತ, ಸಣ್ಣ ದನಿಯಲ್ಲಿ. ಜೈನಬಮ್ಮ ಅಡ್ಡ ಬರದೆ ಕೇಳಿದಳು. ಆಮೇಲೆ ಶೀಲಾವತಿಯನ್ನು ನೋಡಿದಳು, ಆಮೇಲೆ ಗಂಡನನ್ನು.

"ಆ ತಾಯಿಗೆ ಪವನು ಎಷ್ಟಕ್ಕೆ ಕೊಟ್ಟಿರಿ?"

"ಒಂದು ರೂಪಾಯಿ ಕಡಿಮೆ ಮಾಡಿದೆ," ಎಂದ.

ಜೈನಬಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಶೀಲಾವತಿ ದಿಂಬು ಸರಿ ಮಾಡಿ ಅವಳನ್ನು ಮೆಲ್ಲನೆ ಮಲಗಿಸಿದಳು.

ಜೈನಬಮ್ಮ ಬದುಕಿದ್ದು ಇನ್ನು ಹದಿನೆಂಟು ದಿನ. ಗಂಡ ಗಂಜಿ ತಂದರೆ ಬಾಯಿ ತೆರೆಯುತ್ತಿರಲಿಲ್ಲ. ಶೀಲಾವತಿ ಚಮಚ ಹಿಡಿದರೆ ನಾಲ್ಕು ಗುಟುಕು ಕುಡಿಯುತ್ತಿದ್ದಳು. ಒಮ್ಮೆ ಅವಳ ಕೈ ಹಿಡಿದು, "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಬಿಟ್ಟುಬಿಡು ಮಗಳೇ," ಎಂದಳು. ನಿಮ್ಮಿಂದ ಏನೂ ಇಲ್ಲ ಎಂದಳು ಶೀಲಾವತಿ. ಅದನ್ನು ಮೂಸಕುಂಞಿಗೂ ಕೇಳುವಂತೆ ಹೇಳಿದಳು. ಗಂಡನ ಹತ್ತಿರ ಜೈನಬಮ್ಮ ಕೊನೆಯವರೆಗೂ ಒಂದು ಮಾತನ್ನೂ ಆಡಲಿಲ್ಲ. ಪ್ರಾಣ ಹೋಗುವಾಗಲೂ ಮುಖ ಗೋಡೆಯ ಕಡೆಗೇ ಇತ್ತು.

ಸಂಬಂಧಿಕರು ಬಂದು ಹೆಣವನ್ನು ಮನೆಗೆ ಒಯ್ಯಲು ಬಂಡಿಗೆ ಹೇಳಿದರು. ಮೂಸಕುಂಞಿ ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಕೂತಿದ್ದ. ಶೀಲಾವತಿ ಬಂದು ಬದಿಯ ಕಪಾಟಿನಿಂದ ಲೋಟ, ಬಾಚಣಿಗೆ, ಒಂದು ಸೀರೆ, ಅರ್ಧ ಉಳಿದ ಎಣ್ಣೆಯ ಸೀಸೆ ತೆಗೆದು ಚೀಲಕ್ಕೆ ಹಾಕಿದಳು. ಈಗಲಾದರೂ ಏನಾದರೂ ಅಂದಾಳು ಎಂದು ಅವನು ಅವಳ ಮುಖ ನೋಡಿದ. ಬೈದಿದ್ದರೂ ಸಾಕಿತ್ತು.

ಅವಳು ಚೀಲವನ್ನು ಅವನ ಕಾಲ ಹತ್ತಿರ ಇಟ್ಟಳು.

"ಮಧ್ಯಾಹ್ನಕ್ಕೆ ಬೇರೆ ರೋಗಿ ಬರ್ತಾರೆ," ಎಂದಳು. "ಸ್ವಲ್ಪ ಏಳಿ. ನೆಲ ಒರೆಸ್ಲಿಕ್ಕುಂಟು."